ಕಾರ್ಡಿನ ಕೆಳಗಿನ ಎರಡು ಸಾಲು

ಯೋಜನಾ ವಿಭಾಗ, ಆರನೇ ಮಹಡಿ
ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನದ ಬಿಡುವು

ಪ್ರೀತಿಯ ಅಮ್ಮಾ,

ಬಲಭುಜದ ನೋವು ಹೇಗಿದೆ? ಕಡಲ ನಡುವಿನ ನಿಮ್ಮ ತೈಲ ರಿಗ್ಗಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಹಚ್ಚಿಕೊಂಡೆ ಅಂತ ಬರೆಯುತ್ತಿದ್ದೀಯೋ? ಅಪ್ಪ ಆರಾಮಾಗಿದ್ದಾರೆ. ನನಗೆ ಕಾಲುನೋವು, ಒಂದು ವಾರದಿಂದ ಏಣಿಯ ಮೇಲೆಯೇ ನನ್ನ ಕೆಲಸ.

ಇಪ್ಪತ್ತೆರಡು ವರ್ಷ ದುಡಿದ ಕಂಪನಿಯನ್ನು ನೀನು ಒಮ್ಮೆಯೂ ಇಡಿಯಾಗಿ ನೋಡಿಲ್ಲ. ಸೇರಿ ಐದು ತಿಂಗಳಾದ ನಾನು ನೋಡಿದೆ. ವರ್ಷಕ್ಕೊಮ್ಮೆ ಇಲ್ಲಿನ ಉದ್ದನೆಯ ಕೋಣೆಯಿಂದ ಮೇಜು ಕುರ್ಚಿಗಳನ್ನೆಲ್ಲ ಹೊರಗಿಟ್ಟು, ಒಂದು ಗೋಡೆಯ ತುಂಬ ಕಾರ್ಡು ಅಂಟಿಸುತ್ತೇವೆ. ಒಂದು ಹುದ್ದೆಗೆ ಒಂದು ಕಾರ್ಡು. ತೈಲಬಾವಿ ಕೊರೆಯುವವರದು ನೀಲಿ, ಗಾಳಿಯಂತ್ರದವರದು ಹಸಿರು. ನಲವತ್ತೊಂದು ದೇಶ, ಸಾವಿರದ ಇನ್ನೂರು ಕಾರ್ಡು. ಇದೆಲ್ಲ ಕಂಪ್ಯೂಟರಿನಲ್ಲೇ ಇದೆಯಲ್ಲ ಎಂದಿದ್ದಕ್ಕೆ ನಮ್ಮ ಮುಖ್ಯಸ್ಥರು, "ಕಂಪ್ಯೂಟರ್ ಮುಂದೆ ಎಲ್ರೂ ಕೂತ್ಬಿಡ್ತಾರೆ ಕಣಮ್ಮ. ಗೋಡೆ ಮುಂದೆ ನಿಲ್ಲಲೇಬೇಕು" ಎಂದರು. ಅವರಿಗೆ ನಾವಿಟ್ಟ ಹೆಸರು ನಾಳೆಯಪ್ಪ. ಪ್ರತಿ ಕಾರ್ಡಿನ ಮುಂದೆ ನಿಂತು ಅವರು ಕೇಳುವುದು ಒಂದೇ: ಇವರು ನಾಳೆ ಬರದಿದ್ದರೆ ಯಾರು? ಉತ್ತರ ಹೆಸರಿನ ಕೆಳಗಿನ ಎರಡು ಸಾಲಿನಲ್ಲಿರಬೇಕು. ನಾಳೆಯೇ ನಿಭಾಯಿಸುವವರು ಒಬ್ಬರು, ಎರಡು ವರ್ಷ ಕಲಿಸಿದರೆ ನಿಭಾಯಿಸುವವರು ಇನ್ನೊಬ್ಬರು. ಎಲ್ಲೋ ಒಬ್ಬರು ನಿವೃತ್ತರಾದರೆ, ಒಬ್ಬರ ಜಾಗಕ್ಕೆ ಇನ್ನೊಬ್ಬರು ಸರಿಯುತ್ತ, ಇನ್ನೆಲ್ಲೋ ಏಳು ಮನೆಗಳು ಸಾಮಾನು ಕಟ್ಟುತ್ತವೆ.

ನಿನ್ನೆ ನಿನ್ನ ಕಾರ್ಡಿನ ಸರದಿ ಬಂತು. ಎರಡು ಸಾಲೂ ಖಾಲಿ. ಅಷ್ಟು ನೀಲಿಯಲ್ಲಿ ಅದೊಂದೇ. ನಾಳೆಯಪ್ಪ ತಮ್ಮ ಪ್ರಶ್ನೆ ಕೇಳಿದರು. ಸುರಕ್ಷಾ ವಿಭಾಗದ ಹಿರಿಯರೊಬ್ಬರು ಮಾತಾಡಿದರು. "ಹನ್ನೊಂದು ವರ್ಷದ ಹಿಂದೆ ಆ ರಿಗ್ಗಲ್ಲಿ ಬಾವಿ ಒತ್ತಡ ಏರ್ತಾ ಇತ್ತು. ಮೀಟರ್ ಕೆಟ್ಟಿದೆ ಅಂದ್ವಿ ಎಲ್ರೂ. ನಾನೂ ಅಂದೆ. ಈಯಮ್ಮ ಯಾರ ಮಾತೂ ಕೇಳ್ದೆ ಬಾವಿ ಮುಚ್ಚಿಸಿದ್ರು. ಮೀಟರ್ ಸರಿಯಾಗೇ ಇತ್ತು. ಅರವತ್ಮೂರು ಜನ ಇದ್ವಿ ಅಲ್ಲಿ."

ಆ ವಾರ ನೀನು ಮನೆಗೆ ಬರೆದಿದ್ದು, ಕೆಲಸ ಸ್ವಲ್ಪ ಜಾಸ್ತಿ ಅಂತ, ಅಷ್ಟೇ. ಅವರು ನಮ್ಮಮ್ಮ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅತ್ತುಬಿಡುತ್ತಿದ್ದೆ, ಏಣಿಯ ಮೇಲೆ ನಿಂತು ಅಳುವುದು ಅಪಾಯ.

ಆಮೇಲೆ ನಿನ್ನ ಫೈಲು ತೆಗೆದರು. ಊರಿಗೆ ವರ್ಗ ಕೇಳಿದ ನಾಲ್ಕು ಅರ್ಜಿಗಳು, ನಾಲ್ಕರ ಮೇಲೂ "ಬದಲಿಗೆ ಯಾರೂ ಇಲ್ಲ" ಎಂಬ ಮೊಹರು. ನೀನು ಕೇಳಿದ್ದೇ ನಮಗೆ ಗೊತ್ತಿರಲಿಲ್ಲ. ಅವಳಿಗೆ ಸಮುದ್ರವೇ ಮನೆ ಎಂದು ಅಪ್ಪ ಊಟದ ಹೊತ್ತಿಗೆ ತಮಾಷೆ ಮಾಡುತ್ತಿದ್ದರು, ನಾನು ನಗುತ್ತಿದ್ದೆ. ಅದಕ್ಕೆ ಕ್ಷಮಿಸು.

ಆ ಹೆಸರುಗಳನ್ನು ಆಯಾ ಹುದ್ದೆಯವರೇ ಫಾರಂನಲ್ಲಿ ಬರೆದು ಕಳಿಸಬೇಕು. ಪ್ರತಿವರ್ಷ ಆ ಸಾಲುಗಳನ್ನು ಖಾಲಿ ಬಿಟ್ಟು ಕಳಿಸಿದವಳು ನೀನೇ. ಕಳೆದ ರಜೆಯಲ್ಲಿ ಆ ಫಾರಂ ಬಗ್ಗೆ ನಾನು ಕೇಳಿದಾಗ ನೀನು, "ನನ್ನ ಕಾಲ್ ಮೇಲೆ ನಾನೇ ಕಲ್ಲು ಹಾಕ್ಕೊಳ್ಲಾ?" ಅಂದಿದ್ದೆ. ಕೆಳಗೆ ಹೆಸರು ಬರೆದರೆ ಕೆಲಸದಿಂದ ತೆಗೆದುಹಾಕುತ್ತಾರೆ ಎಂದು ರಿಗ್ಗಿನ ಹಳಬರು ಯಾರೋ ಹೇಳಿದ್ದನ್ನು ನೀನು ನಂಬಿದ್ದೀಯ. ನಿಯಮ ತದ್ವಿರುದ್ಧ ಅಮ್ಮಾ. ಕೆಳಗೆ ಹೆಸರಿಲ್ಲದ ಕಾರ್ಡನ್ನು ಆ ಜಾಗದಿಂದ ಎತ್ತುವಂತೆಯೇ ಇಲ್ಲ, ಊರಿನ ವರ್ಗಕ್ಕೂ. ಸಂಜೆ ನಾಳೆಯಪ್ಪನಿಗೆ ನಾನು ಮಗಳೆಂದು ಮೆಲ್ಲಗೆ ಹೇಳಿ, ಇದನ್ನು ನಿನಗೆ ಬರೆಯಬಹುದೇ ಎಂದು ಕೇಳಿದೆ. ಅವರು ಒಂದು ಖಾಲಿ ಫಾರಂ ತಿರುಗಿಸಿ ತೋರಿಸಿದರು. "ಬರಿಯಮ್ಮ. ಗುಟ್ಟೇನಲ್ಲ, ಫಾರಂ ಹಿಂದೇನೇ ಅಚ್ಚಾಗಿದೆ. ಯಾರೂ ತಿರುಗಿಸಿ ನೋಡಲ್ಲ ಅಷ್ಟೆ."

ಅಪ್ಪನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಭುಜ ಜೋಪಾನ. ನಿನ್ನ ಹಾರೈಕೆ ನನ್ನ ಮೇಲಿರಲಿ.

ನಿನ್ನ ಮಗಳು,
ಗುಬ್ಬಿ

ಮರೆತಿದ್ದೆ: ಹೊಸ ಫಾರಂ ಇದರೊಳಗಿದೆ. ಇವತ್ತಿನ ಹೆಲಿಕಾಪ್ಟರಿನ ಟಪಾಲು ಚೀಲಕ್ಕೇ ಹಾಕುತ್ತಿದ್ದೇನೆ. ಶುಕ್ರವಾರ ಗೋಡೆ ಬಿಚ್ಚುತ್ತೇವೆ, ಅಷ್ಟರೊಳಗೆ ತುಂಬಿ ಕಳಿಸು. ಪ್ರತಿ ಪತ್ರದಲ್ಲೂ ನೀನು ಬೈಯುವ ಆ ಸಹಾಯಕಿ, ನೀನು ನೋಡಿ ಬಂದ ಮೀಟರನ್ನೂ ತಾನು ಇನ್ನೊಮ್ಮೆ ನೋಡಿ ಬರುವ ಮೊಂಡಿ, ಮೊದಲ ಸಾಲಿಗೆ ಅವಳಾಗಬಹುದಲ್ಲವೇ? ಅವಳ ನಿಜವಾದ ಹೆಸರನ್ನು ನೀನು ಯಾವತ್ತೂ ಬರೆದಿಲ್ಲ. ಈಗ ಬರಿ.