ಗುಂಡು ಹೊಕ್ಕಲ್ಲೇ ಉಳಿಯಬೇಕು

ಸ್ಪ್ರಿಂಗ್ ವ್ಯಾಲಿ, ನೈರೋಬಿ
14 ಅಕ್ಟೋಬರ್ 2025, ಮಂಗಳವಾರ

ಮುದ್ದು ಗಗನಾ,

ನಿನ್ನ ಅಜ್ಜಿ ತಲೆ ಸವರಿ ಹರಸಿದ್ದಾಳೆ ಅಂದುಕೊಂಡು ಮುಂದಕ್ಕೆ ಓದು. ಹೇಗಿದ್ದೀಯೆ? ಕೋವಿ ಒದ್ದು ಭುಜ ನೀಲಿಗಟ್ಟಿದೆ ಅಂದಿದ್ದೆಯಲ್ಲ, ಇಳಿಯಿತೇ? ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡು, ಆ ಟ್ಯೂಬಿನ ಮುಲಾಮು ಬರೀ ವಾಸನೆ. ನಮೀಬಿಯಾದ ಬೆಂಗಾಡಿಗೆ ಸೋಲಾರ್ ಪಂಪು ಕೂರಿಸಲು ಹೋದವಳು ಕುರಿಮಾಂಸ ಬಿಟ್ಟು ಬೇರೇನಾದರೂ ತಿನ್ನುತ್ತೀಯೋ ಇಲ್ಲವೋ? ಇಲ್ಲಿ ನನ್ನ ಮಂಡಿ ಎರಡೂ ಹಳೇ ಬಾಗಿಲ ಹಾಗೆ ಕಿರುಗುಟ್ಟುತ್ತವೆ. ನಿಮ್ಮಪ್ಪ ಪ್ರಶಾಂತ ಊರಿಗೆಲ್ಲ ಮಾತ್ರೆ ಮಾಡಿಸುವ ಕಾರ್ಖಾನೆಯ ಮ್ಯಾನೇಜರು, ತನ್ನ ಬಿಪಿ ಮಾತ್ರೆ ಮಾತ್ರ ನಾನು ಬೈದ ಮೇಲೇ ನುಂಗುತ್ತಾನೆ. ನಿಮ್ಮಮ್ಮ, ನನ್ನ ಸೊಸೆ ಇಂದು, ಚೆನ್ನಾಗಿದ್ದಾಳೆ. ನನ್ನ ಸೀರೆಗೆ ಅವಳೇ ಇಸ್ತ್ರಿ ಹಾಕುತ್ತಾಳೆ, ನನ್ನ ಕಾಲಿನ ಉಗುರನ್ನೂ ಅವಳೇ ಕತ್ತರಿಸುತ್ತಾಳೆ. ಆ ಹೊತ್ತಿನಲ್ಲಿ ನಾನು ಅವಳ ಮುಖ ನೋಡುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀನು ಕೇಳಿದ್ದಕ್ಕೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ನೀನು ದನಿ ಮುದ್ರಿಸಿ ಕಳಿಸಿದಾಗೆಲ್ಲ ನಿಮ್ಮಮ್ಮ ಫೋನನ್ನು ಒಲೆಯ ಪಕ್ಕ ಇಟ್ಟು ಬೀದಿಗೆಲ್ಲ ಕೇಳುವಂತೆ ಹಾಕುತ್ತಾಳೆ. ಮೊನ್ನೆಯೂ ಹಾಗೇ ಆಯಿತು. "ಅಜ್ಜೀ, ಫಿಫ್ಟಿ ಗ್ರೇನ್ ಬುಲೆಟ್ ತಗೊಳ್ಲಾ, ಸೆವೆಂಟಿ ಫೈವ್ ತಗೊಳ್ಲಾ? ಯೂ ಆರ್ ದಿ ಎಕ್ಸ್‌ಪರ್ಟ್" ಅಂದೆ. ಚಿಕ್ಕದು ಸೆಕೆಂಡಿಗೆ ಮೂರು ಸಾವಿರದ ಏಳುನೂರು ಅಡಿ ಓಡುತ್ತದೆ, ದೊಡ್ಡದು ಮೂರು ಸಾವಿರವನ್ನೂ ಮುಟ್ಟುವುದಿಲ್ಲ ಅಂದೆ. ಆ ಕುರಿ ಸಾಕುವವನ ಮಂದೆಗೆ ಬಂದ ನರಿ ನಾನೂರು ಗಜ ದೂರದಲ್ಲಿ ಗುಂಡು ತಗುಲಿ ಕೆಂಪು ಹೊಗೆಯಾಯಿತು, ಬಾಲ ಮಾತ್ರ ಕಲ್ಲಿನ ಮೇಲೆ ಉಳಿಯಿತು ಅಂತ ಹೇಳಿ ನಕ್ಕೆ. ನಿಮ್ಮಮ್ಮ ಈರುಳ್ಳಿ ಹೆಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ಹೊಡೀಲಿ ಬಿಡಿ ಅತ್ತೆ. ನಮ್ಮಪ್ಪನ್ನ ಹಂದಿ ಸೀಳಿ ಹಾಕ್ತಲ್ಲ, ನನ್ನ ಮಗಳು ಸೇಡು ತೀರಿಸ್ಕೊಳ್ತಿದ್ದಾಳೆ" ಅಂದಳು. ನನ್ನ ಕೈಯ ಸೌಟು ಸಾರಿನೊಳಗೆ ಬಿತ್ತು. ಅದಕ್ಕೇ ಈ ಕಾಗದ. ನಾನು ಸ್ಲೇಟು ಹಿಡಿಸಿ ಕಲಿಸಿದ ಅಕ್ಷರ ಮರೆತಿದ್ದರೆ ನಿನ್ನ ಹಣೆಬರಹ. ಓದಿ ಸುಟ್ಟುಬಿಡು. ಫೋಟೋ ತೆಗೆದು ಯಾರಿಗೂ ಕಳಿಸಬೇಡ.

ಮೊದಲು ಕೇಳಿದ್ದಕ್ಕೆ ಉತ್ತರ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ಗುಂಡು ತೂಗುವ ನಿನ್ನ ಗ್ರೇನು ನನಗೆ ಗೊತ್ತಿಲ್ಲ. ಆದರೆ ಇಪ್ಪತ್ತು ವರ್ಷ ನಿಮ್ಮ ತಾತನ ಕೋವಿಗೆ ಸೀಸ ಕಾಯಿಸಿ ಗುಂಡು ಎರೆದವಳು ನಾನೇ. ಕಣದಲ್ಲಿ ರಾಗಿ ತೂರುವುದನ್ನು ನೀನು ನೋಡಿಲ್ಲ. ಮೊರ ಎತ್ತಿ ಸುರಿದರೆ ಹೊಟ್ಟು ಗಾಳಿ ಕರೆದತ್ತ ಹೋಗುತ್ತದೆ, ಕಾಳು ಕಾಲ ಬುಡಕ್ಕೆ ಬೀಳುತ್ತದೆ. ಗುಂಡೂ ಹಾಗೇ. ಹಗುರದ್ದು ಹೊರಡುವಾಗ ಬಲು ಜೋರು, ದೂರ ಹೋದಂತೆ ಗಾಳಿ ಅದರ ಕಿವಿ ಹಿಡಿದು ಪಕ್ಕಕ್ಕೆ ಎಳೆಯುತ್ತದೆ, ಜೋರೂ ಬೇಗ ಇಳಿಯುತ್ತದೆ. ಭಾರದ್ದು ನಿಧಾನ ಹೊರಟರೂ ಹಿಡಿದ ದಾರಿ ಬಿಡುವುದಿಲ್ಲ. ಆದ್ದರಿಂದ ಇನ್ನೂರು ಗಜದೊಳಗೆ ಹಗುರ ಗುಂಡು ಸಾಕು, ಹೊಕ್ಕ ಕೂಡಲೇ ಒಳಗೇ ಪುಡಿಯಾಗುತ್ತದೆ. ನಾನೂರು ಗಜಕ್ಕೆ, ಅದೂ ಗಾಳಿಯ ದಿನ, ಭಾರದ್ದು ಬೇಕು. ಆದರೆ ಭಾರದ್ದು ನರಿಯಷ್ಟು ಸಣ್ಣ ಮೈಯಲ್ಲಿ ನಿಲ್ಲುತ್ತದೆಯೇ? ಆ ಕಡೆಯಿಂದ ಹೊರಬಿದ್ದು ಎಲ್ಲಿಗೆ ಹೋಗುತ್ತದೆ? ನರಿಯ ಹಿಂದೆ ಮಣ್ಣಿನ ದಿಬ್ಬ ಇದೆಯೋ, ಕಂಬಳಿ ಹೊದ್ದ ಕುರುಬ ಕೂತಿದ್ದಾನೋ ನಾನೂರು ಗಜದಿಂದ ನಿನಗೆ ಕಾಣುತ್ತದೆಯೇ? ಗುಂಡು ಹೊಕ್ಕ ಜೀವದಲ್ಲೇ ಉಳಿಯಬೇಕು ಕಣೇ. ಹೊರಗೆ ಬಂದ ಗುಂಡಿಗೆ ಒಡೆಯರಿಲ್ಲ.

ತೀರಾ ಹಗುರದ್ದರ ಪಾಡೂ ಕೇಳು. ಹೋದ ವಾರ ನಾನು ಹಿತ್ತಲಲ್ಲಿ ಸಂಡಿಗೆ ಒಣಗಿಸಿದ್ದೆ. ಇಲ್ಲಿಯ ಕೋತಿಗಳು ಗೊತ್ತಲ್ಲ, ಮಾಲೀಕರು ಅವೇ, ನಾವು ಬಾಡಿಗೆಯವರು. ಪಕ್ಕದ ಯಾವುದೋ ಕಾಂಪೌಂಡಿನಿಂದ ಯಾರೋ ಪಾಪಿ ಏರ್‌ಗನ್ನಿನಲ್ಲಿ ಹೊಡೆದ. ಕಡಲೆಯಷ್ಟು ಗುಂಡು. ಜಕರಾಂಡ ಮರದಿಂದ ಕೋತಿಯೊಂದು ನನ್ನ ಸಂಡಿಗೆಯ ಮೇಲೇ ಬಿತ್ತು. ಕೆಳದವಡೆ ಕಳಚಿ ಚರ್ಮದಲ್ಲಿ ನೇತಾಡುತ್ತಿತ್ತು, ನಾಲಿಗೆ ಎದೆಯ ಮೇಲಿತ್ತು, ಕೂಗಲು ಬಾಯೇ ಇಲ್ಲ. ಕಾಲು ಗಂಟೆ ಒದ್ದಾಡಿತು, ಸಾಯಲಿಲ್ಲ. ಕೊನೆಗೆ ತೋಟ ನೋಡಿಕೊಳ್ಳುವ ಫೆಲಿಕ್ಸ್‌ನನ್ನು ಕರೆದು ಅವನ ಪಂಗಾ ಕೊಡು ಅಂದೆ. ಹುಲ್ಲು ಸವರುವ ಆ ಉದ್ದ ಕತ್ತಿಯನ್ನು ನನ್ನ ಕೈಗಿಟ್ಟು "ಪೋಲೆ, ಶೋಶೋ", ಅಯ್ಯೋ ಪಾಪ ಅಜ್ಜಿ, ಅಂತ ಮುಖ ತಿರುಗಿಸಿಕೊಂಡ. ನಾನು ಮೊದಲ ಏಟಿಗೇ ಕತ್ತು ಬೇರೆ ಮಾಡಿದೆ. ಎಂಬತ್ತರ ಮುದುಕಿಗೆ ಇದೆಲ್ಲಿ ಅಭ್ಯಾಸ ಅಂತ ಅವನು ಬೆರಗಾದ. ಅಭ್ಯಾಸ ಎಲ್ಲಿಯದು ಅಂತ ಈಗ ನಿನಗೆ ಹೇಳುತ್ತೇನೆ.

ಕೊಳ್ಳೇಗಾಲದ ಕಡೆ ನಮ್ಮೂರು ಕಾಡಿನಂಚಿನದು. ಹಂದಿ ಕಾಟಕ್ಕೆ ಕಡಲೇಕಾಯಿ ಬೆಳೆ ಉಳಿಯುತ್ತಿರಲಿಲ್ಲ. ಊರಲ್ಲಿ ಕೋವಿ ಇದ್ದದ್ದು ಮೂವರ ಹತ್ತಿರ. ನಿಮ್ಮ ತಾತನದೊಂದು, ಆಚೆ ಬೀದಿಯ ಜವರಪ್ಪನದೊಂದು, ಪಟೇಲರದೊಂದು. ಈ ಜವರಪ್ಪನೇ ನಿಮ್ಮಮ್ಮನನ್ನು ಹೆತ್ತವನು. ನಳಿಗೆಯ ಬಾಯಿಂದ ಮದ್ದು ತುಂಬಿ, ನಾರು ತುರುಕಿ, ಗುಂಡು ಹಾಕಿ ಗಜ ಅನ್ನುವ ಕಬ್ಬಿಣದ ಸರಳಿನಿಂದ ಗಿಡಿಯುವ ಕೋವಿಗಳು ಅವು. ಬೇಟೆಯಲ್ಲಿ ಒಂದು ಕಟ್ಟಳೆ ಇತ್ತು. ಹಂದಿಯ ತಲೆ, ಹಿಂದಿನ ತೊಡೆ ಕೊಂದವನ ಪಾಲು, ಮಿಕ್ಕಿದ್ದು ಎಲ್ಲರಿಗೂ ಸಮ. ಇಬ್ಬರು ಹೊಡೆದಿದ್ದರೆ ಮೈ ಬಗೆದು ಗುಂಡು ಹುಡುಕಬೇಕು. ಯಾರ ಗುಂಡು ಗುಂಡಿಗೆಯ ಹತ್ತಿರವೋ ತಲೆ ಅವರದು. ಅದಕ್ಕೇ ಪ್ರತಿ ಮನೆಯ ಗುಂಡಿಗೂ ಗುರುತು. ನಮ್ಮ ಅಚ್ಚಿನೊಳಗೆ ಎರಡು ಗೀಟು ಕೊರೆದಿದ್ದೆ, ಗುಂಡಿನ ಮೇಲೆ ಎರಡು ಗೀಟು ಉಬ್ಬಿ ಬರುತ್ತಿತ್ತು. ಜವರಪ್ಪನದಕ್ಕೆ ಚುಕ್ಕೆ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಒಂದು ಹಂದಿ ಬಿತ್ತು, ಇಬ್ಬರೂ ಹೊಡೆದಿದ್ದರು. ಬಗೆದು ನೋಡಿದರೆ ಹೆಗಲ ಮೂಳೆಗೆ ಬಡಿದ ಒಂದು ಗುಂಡು ಹಪ್ಪಳದ ಹಾಗೆ ಚಪ್ಪಟೆಯಾಗಿದೆ, ಗೀಟೂ ಇಲ್ಲ ಚುಕ್ಕೆಯೂ ಇಲ್ಲ. ಇನ್ನೊಂದು ಸಿಗಲೇ ಇಲ್ಲ. ಚಪ್ಪಟೆಯಾದದ್ದು ನಮ್ಮದೇ ಅಂತ ನನಗೆ ಗೊತ್ತಿತ್ತು. ಪಟೇಲರು ಅದನ್ನು ಜವರಪ್ಪನದೆಂದು ತೀರ್ಮಾನಿಸಿ ತಲೆಯನ್ನು ಅವನಿಗೆ ಕೊಟ್ಟರು. ಅವನ ಹೆಂಡತಿ ರಕ್ತ ತೊಟ್ಟಿಕ್ಕುವ ಆ ತಲೆಯನ್ನು ಬುಟ್ಟಿಯಲ್ಲಿ ಹೊತ್ತು ಬೇಕೆಂದೇ ನಮ್ಮ ಜಗುಲಿಯ ಮುಂದೆ ಬಂದಳು. "ಏನಕ್ಕ, ನಿಮ್ಮನೆಯವರ ಗುಂಡು ಗಾಳೀಲೇ ಕರಗೋಯ್ತಂತೆ?" ಅಂದಳು. ನಿನ್ನ ಅಮ್ಮಮ್ಮ ಅವಳು, ಸತ್ತವಳನ್ನು ಬೈಯಬಾರದು. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಸಂಕ್ರಾಂತಿ ಆದ ಎರಡನೇ ದಿನ, ಬೆಳಗಿನ ಹತ್ತು ಗಂಟೆ ಇರಬಹುದು. ಹಳ್ಳದ ಪೊದೆಯಲ್ಲಿ ಒಂಟಿಸಲಗ ಹಂದಿಯಿದೆ ಅಂತ ಎಂಟು ಜನ, ನಾಲ್ಕು ನಾಯಿ ಹೊರಟರು. ನಾನು ಬುತ್ತಿ, ನೀರು ಹೊತ್ತು ದಿಣ್ಣೆಯ ಮೇಲೆ ಕೂತಿದ್ದೆ, ಅದಕ್ಕೇ ಎಲ್ಲ ಕಂಡೆ. ಹಂದಿ ಮೊದಲು ನಮ್ಮ ಕೆಂದ ನಾಯಿಯ ಹೊಟ್ಟೆ ಬಗೆಯಿತು. ನಾಯಿ ತನ್ನ ಕರುಳನ್ನು ತಾನೇ ತುಳಿದುಕೊಂಡು ಸುತ್ತಿತು. ಆಮೇಲೆ ಹಂದಿ ಬಯಲಿಗೆ ನುಗ್ಗಿತು. ಮೂವತ್ತು ಹೆಜ್ಜೆಯಿಂದ ನಿಮ್ಮ ತಾತ ಹೊಡೆದರು. ಹಾರಿದ್ದು ಅದೊಂದೇ ಗುಂಡು. ಹಂದಿಯ ಎರಡು ಪಕ್ಕದಲ್ಲೂ ತೂತು ಬಿತ್ತು. ಲಂಟಾನದ ಮುಳ್ಳಿಗೆ ಕರುಳು ಸಿಕ್ಕಿ ಹಗ್ಗದ ಹಾಗೆ ಬಿಚ್ಚಿಕೊಳ್ಳುತ್ತಿದ್ದರೂ ಓಡಿ ಓಡಿ ಬಿತ್ತು. ಅದರ ಹಿಂದಿನ ಪೊದೆಯಲ್ಲಿ ಜವರಪ್ಪ ದಣಿದವನ ಹಾಗೆ ಮೆಲ್ಲಗೆ ಕುಕ್ಕರಿಸಿದ. ಕಾಯಬೇಕಾದ ಜಾಗ ಬಿಟ್ಟು, ಗುರಿ ಚೆನ್ನಾಗಿ ಸಿಗಲಿ ಅಂತ ಅಲ್ಲಿಗೆ ಬಂದಿದ್ದ. ನಾನು ಓಡಿಹೋದೆ. ಎದೆಯಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು ತೂತು. "ಅಕ್ಕ, ನೀರು" ಅಂದ. ಕೊಟ್ಟೆ. ಕುಡಿದ ನೀರೆಲ್ಲ ಕೆಂಪಾಗಿ ನನ್ನ ಮಡಿಲಿಗೇ ಬಂತು. ಅಷ್ಟೇ.

ಮುಂದಿನದನ್ನೂ ಬರೆಯುತ್ತೇನೆ. ಆಗಲೇ ಬೇಟೆಗೆ ಕಾನೂನಿನ ತಡೆ ಇತ್ತು. ಪೊಲೀಸರು ಬಂದರೆ ಎಂಟೂ ಜನಕ್ಕೆ ಜೈಲು. ಪಟೇಲರು ಅಂದರು, "ಹಂದಿ ತಿವೀತು ಅನ್ನಿ." ದುಂಡನೆಯ ತೂತನ್ನು ಯಾರಾದರೂ ಕೋರೆಯ ಗಾಯ ಅನ್ನುತ್ತಾರೆಯೇ? "ಗುಂಡು ನಿಂದು, ನೀನೇ ತೆಗಿ" ಅಂತ ಪಟೇಲರೇ ನಿಮ್ಮ ತಾತನಿಗೆ ಹೇಳಿದರು. ನಿಮ್ಮ ತಾತ ಮಚ್ಚಿನಿಂದ ಹಂದಿಯ ದವಡೆ ಕಡಿದರು. ಮೂರು ಏಟು ತಪ್ಪಿದಾಗ ಮಚ್ಚು ಕಿತ್ತುಕೊಂಡು ನಾಲ್ಕನೆಯದನ್ನು ನಾನೇ ಹಾಕಿದೆ. ಆ ಕೋರೆ ಹಿಡಿದು ಅವರು ತಮ್ಮ ಜೊತೆ ಬೆಳೆದವನ ಎದೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿದರು. ನೆಂದ ಗೋಣಿಚೀಲ ಹರಿದ ಸದ್ದು. ಒಳಗೆ ಕೈ ಹಾಕಿ ತಡಕಿ ಗುಂಡು ತೆಗೆದು ನನ್ನ ಅಂಗೈಗೆ ಇಟ್ಟರು. ಎರಡು ಗೀಟು ಹೊಳೆಯುತ್ತಿತ್ತು. ಸಂಜೆ ಜವರಪ್ಪನ ಏಳು ವರ್ಷದ ಮಗಳು ಬಟ್ಟೆ ಸರಿಸಿ ಆ ಎದೆ ನೋಡಿತು. ನಿಮ್ಮಮ್ಮ ಇವತ್ತಿಗೂ ಹೇಳುವ ಹಂದಿಯ ಗಾಯ ಅದೇ.

ನಿಮ್ಮ ತಾತ ಆ ವಾರವೇ ಕೋವಿಯನ್ನು ಠಾಣೆಗೆ ಒಪ್ಪಿಸಿದರು, ಮತ್ತೆ ಮಾಂಸ ಮುಟ್ಟಲಿಲ್ಲ. "ಒಂದು ಚಿಟಿಕೆ ಮದ್ದು ಜಾಸ್ತಿ ಹಾಕಿಬಿಟ್ಟೆ ಕಣೇ. ಗುಂಡಿಗೆ ಜೋರು ಹೆಚ್ಚಾಯ್ತು, ಹಂದೀಲಿ ನಿಲ್ಲಲಿಲ್ಲ" ಅಂತ ಸಾಯುವವರೆಗೂ ಅದೊಂದನ್ನೇ ಹಲುಬಿದರು. ಇಂದುವನ್ನು ಸೊಸೆ ಮಾಡಿಕೊಳ್ಳಬೇಕು ಅಂತ ಹಟ ಹಿಡಿದದ್ದೂ ಅವರೇ. ತಬ್ಬಲಿಗೆ ಮನೆ ಕೊಟ್ಟಿರಿ ಅಂತ ಊರೆಲ್ಲ ನಮ್ಮನ್ನು ಹೊಗಳಿತು. ಆ ಹೊಗಳಿಕೆಯನ್ನು ನಾನು ನಾಚಿಕೆಯಿಲ್ಲದೆ ಉಂಡೆ. ಗುಂಡು ನನ್ನ ಎಲೆಯಡಿಕೆ ಸಂಚಿಯ ಸುಣ್ಣದ ಡಬ್ಬಿಯಲ್ಲಿ ನೈರೋಬಿಗೂ ಬಂದಿದೆ.

ಕಾಗದವನ್ನು ಇಲ್ಲೇ ಕಿಲೆಲೆಶ್ವಾ ಬಡಾವಣೆಯ ನಮ್ಮ ಮಂಗಳೂರಿನ ನರ್ಸಮ್ಮ ಫ್ಲಾವಿಯಾ ಕೈಯಲ್ಲಿ ಕಳಿಸುತ್ತೇನೆ, ನಾಳೆ ಅವಳು ನಿಮ್ಮ ವಿಂಡ್‌ಹುಕ್‌ಗೆ ಬರುತ್ತಿದ್ದಾಳೆ. ಜೊತೆಗೆ ಚಕ್ಕುಲಿ ಇದೆ, ಪಂಪಿನವರಿಗೂ ಕೊಡು, ಒಬ್ಬಳೇ ತಿನ್ನಬೇಡ. ನಿನಗೆ ಕೋವಿ ಹಿಡಿಸಿದ ಆ ಕುರಿ ಸಾಕುವ ಯಜಮಾನನಿಗೆ ಹೇಳು, ಅವನ ಕುರುಬರು ಎಲ್ಲೆಲ್ಲಿದ್ದಾರೆ ಅಂತ ಮೊದಲು ಕೂಗಿ ಕೇಳಿ ಆಮೇಲೆ ನರಿ ತೋರಿಸಲಿ. ನಿನ್ನ ಕಣ್ಣು ಚೂಪಾಗಿರಲಿ, ಕೈ ಹಗುರವಾಗಿರಲಿ, ನಿನ್ನಿಂದ ಯಾವ ಮನೆಯ ಮಗುವೂ ಹೆಣದ ಬಟ್ಟೆ ಸರಿಸದಿರಲಿ.

ನಿನ್ನ ಅಜ್ಜಿ,
ಕೆಂಪಮ್ಮ

ಮರೆತೆ ಅಂತ ಬರೆಯಬೇಕು, ಮರೆತಿಲ್ಲ. ನೀನು ಗುಂಡಿನ ತೂಕ ಕೇಳಿದೆ, ವೇಗ ಕೇಳಿದೆ. ಗಟ್ಟಿಯೋ ಮೆತುವೋ ಅಂತ ಕೇಳಲಿಲ್ಲ. ನಿಮ್ಮ ತಾತ ಮದ್ದು ಹೆಚ್ಚು ಹಾಕಿರಲಿಲ್ಲ ಗಗನಾ. ಬರೀ ಸೀಸದ ಗುಂಡಾಗಿದ್ದರೆ ಹಂದಿಯೊಳಗೇ ಚಪ್ಪಟೆಯಾಗಿ ಉಳಿಯುತ್ತಿತ್ತು. ಆ ಬುಟ್ಟಿಯವಳ ಮಾತಿಗೆ ಉರಿದುಹೋಗಿ, ಇನ್ನು ಮೇಲೆ ನಮ್ಮ ಗೀಟು ಅಳಿಯಲೇಬಾರದು ಅಂತ, ಕಲಾಯಿ ಹಾಕುವವನ ಹತ್ತಿರ ತವರ ಇಸಿದುಕೊಂಡು ಸೀಸಕ್ಕೆ ಬೆರೆಸಿ ಗಟ್ಟಿ ಮಾಡಿದವಳು ನಾನು. ಅವರಿಗೆ ಹೇಳಲಿಲ್ಲ. ಅವರು ಹಲುಬುವುದನ್ನು ಮೂವತ್ತು ವರ್ಷ ಪಕ್ಕದಲ್ಲೇ ಮಲಗಿ ಕೇಳಿದೆ, ಆಗಲೂ ಹೇಳಲಿಲ್ಲ. ಸುಡಬೇಡ ಈ ಕಾಗದ, ಸುಟ್ಟುಬಿಡು ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು. ಫ್ಲಾವಿಯಾ ಗೇಟಿನ ಹತ್ತಿರ ಬಂದಳಂತೆ, ಫೆಲಿಕ್ಸ್ ಕೂಗುತ್ತಿದ್ದಾನೆ. ನಿಮ್ಮಮ್ಮ ಅಡುಗೆಮನೆಯಲ್ಲಿದ್ದಾಳೆ. ಲಕೋಟೆ ಅಂಟಿಸುವುದಿಲ್ಲ. ಕಾಗದವನ್ನೂ ಸುಣ್ಣದ ಡಬ್ಬಿಯನ್ನೂ ಈಗಲೇ ಅವಳ ಕೈಗೆ ಕೊಡುತ್ತೇನೆ, ಓದಿ, ಬೇಕಾದರೆ ಫ್ಲಾವಿಯಾಗೆ ಅವಳೇ ಕೊಡಲಿ. ಇದು ನಿನ್ನ ಕೈ ಸೇರಿದ್ದರೆ ನಿಮ್ಮಮ್ಮ ಕಳಿಸಿದ್ದು ಅಂತ ತಿಳಿ.