ಖಾಲಿ ಪಾಳೆಯದ ಹೊಗೆ

ಮಾರ್ಚ್ ೩, ಸೋಮವಾರ. ಬೆಳಿಗ್ಗೆ ೯:೧೦

ಮತ್ತೆ ಯಾರು ಬಂದುಹೋದರೆಂಬ ಅದೇ ಲಾಗ್ ಫೈಲು, ಅದೇ ಆರಿದ ಕಾಫಿ. ಆಚೆ ದೇಶದವರು ನಮ್ಮ ವಿದ್ಯುತ್ ಜಾಲದ ಬಾಗಿಲು ತಡಕುತ್ತಲೇ ಇದ್ದಾರೆ. ಒಳಗೆ ಬಂದರೆ ಇಡೀ ಊರಿನ ಕರೆಂಟು ಅವರ ಕೈಲಿ. ಇಡೀ ಊರು ಅಂದರೆ ನನಗೆ ಮೊದಲು ಅಮ್ಮ, ಅವಳ ಆಕ್ಸಿಜನ್ ಮಷೀನು. ಬ್ಯಾಟರಿ ಇಪ್ಪತ್ತು ನಿಮಿಷ, ಅಷ್ಟೇ.

ಅದಕ್ಕೇ ನಕಲಿ ಕಂಟ್ರೋಲ್ ರೂಮು ಕಟ್ಟಿದ್ದು. ಕಂಪ್ಯೂಟರಿನೊಳಗೆ ಮಾತ್ರ ಇರುವ ಸುಳ್ಳು ಸ್ಟೇಷನ್ನು. ಅಲ್ಲಿಗೇ ನುಗ್ಗಲಿ, ಕರೆಂಟು ಕೆಡಿಸುವ ಪ್ರೋಗ್ರಾಮು, ಅವರ ಆಯುಧ, ಅಲ್ಲೇ ಬಿಚ್ಚಲಿ, ನೋಡಿಕೊಳ್ಳೋಣ ಅಂತ. ಬರುತ್ತಾರೆ, ಹತ್ತು ನಿಮಿಷ ಇಣುಕುತ್ತಾರೆ, ಹೋಗುತ್ತಾರೆ. ಇದು ಮೂರನೇ ಸಲ. ತಲೆ ಕೆಟ್ಟುಹೋಗಿದೆ.

ಮಾರ್ಚ್ ೫, ಬುಧವಾರ

ಬಾಸ್ ಸಲಹೆಗೆ ಒಬ್ಬ ಹಿರಿಯರನ್ನು ಕರೆಸಿದರು; ನಾನಿಟ್ಟ ಹೆಸರು ಕೋಟೆ ತಾತ. ಸೇನಾ ಶಾಲೆಯಲ್ಲಿ ಮೂವತ್ತು ವರ್ಷ ಯುದ್ಧತಂತ್ರ ಕಲಿಸಿದವರು. ಬಾಯಿ ಬಿಟ್ಟರೆ ಕೋಟೆ, ಕಂದಕ. ಮೌಸ್ ಹಿಡಿಯಲು ಬರುವುದಿಲ್ಲ. ನನಗೆ ಒಳಗೊಳಗೇ ನಗು.

"ಇಲ್ಲಿ ಎಷ್ಟು ಜನ ಕೆಲಸ ಮಾಡ್ತಾರಮ್ಮ?"

"ನಲವತ್ತು ಸರ್. ಎಲ್ಲಾ ಸುಳ್ಳು."

"ಒಬ್ಬರೂ ರಜಾ ಹಾಕಲ್ವಾ? ಪಾಸ್‌ವರ್ಡ್ ಮರೆಯಲ್ವಾ? ಖಾಲಿ ಪಾಳೆಯದಲ್ಲಿ ಡೇರೆ ಹಾಕಿದ್ರೆ ಸಾಲದು ಕಣಮ್ಮ. ಬೆಳಗಾದ್ರೆ ಒಲೆ ಹೊಗೆ ಏಳಬೇಕು. ಗೂಢಚಾರ ಮೊದಲು ನೋಡೋದೇ ಅದನ್ನ."

ಮುಖಕ್ಕೆ ಹೊಡೆದ ಹಾಗಾಯಿತು. ಎರಡು ತಿಂಗಳು ಕೂತು ಎಷ್ಟು ಚೊಕ್ಕ ಕಟ್ಟಿದ್ದೆ! ಸರಿ, ಹೊಗೆ ತಾನೇ? ಎಬ್ಬಿಸುತ್ತೇನೆ.

ಮಾರ್ಚ್ ೧೧, ಮಂಗಳವಾರ

ಆರು ದಿನದಿಂದ ಸುಳ್ಳು ಮೇಲ್ ಬರೆಯುವುದೇ ಕೆಲಸ. ಎಸಿ ಕೆಟ್ಟಿದೆ. ನನ್ನ ಕುರ್ಚಿ ಯಾರು ಹೊತ್ತುಕೊಂಡು ಹೋದಿರಿ? ಪಾಸ್‌ವರ್ಡ್ ಮತ್ತೆ ಮರೆತೆ, ಬೈಬೇಡಿ. ಇಬ್ಬರಿಗೆ ಜಗಳ ಹಚ್ಚಿದೆ, ಒಬ್ಬನಿಗೆ ಪ್ರಮೋಷನ್ ತಪ್ಪಿಸಿದೆ. ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೊನೆಗೆ ಒಂದು ರಜಾ ಅರ್ಜಿ. ಸುಳ್ಳು ಹೊಳೆಯಲಿಲ್ಲ. ನಿಜವನ್ನೇ ಬರೆದೆ: ತಾಯಿ ಆಕ್ಸಿಜನ್ ಮಷೀನಿನ ಮೇಲಿದ್ದಾರೆ, ಕರೆಂಟು ಹೋದರೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು.

"ಇದು ಯಾರ ತಾಯಿ?" ತಾತ ಕೇಳಿದರು. ನಾನು ಅರ್ಜಿ ಸೇವ್ ಮಾಡಿದೆ. ಗೊತ್ತಾಯಿತು ಅನ್ನಿಸುತ್ತೆ, ಆಮೇಲೆ ನಗಲಿಲ್ಲ.

ಮಾರ್ಚ್ ೨೦, ಗುರುವಾರ. ಬೆಳಿಗ್ಗೆ ೧೦:೪೦

ಆಚೆಯವರು ಒಂಬತ್ತು ದಿನದಿಂದ ನಕಲಿ ಸ್ಟೇಷನ್ನಲ್ಲೇ ಬೀಡುಬಿಟ್ಟಿದ್ದಾರೆ! ಮೇಲ್ ಒಂದೂ ಬಿಡದೆ ಓದುತ್ತಿದ್ದಾರೆ. ನನ್ನ ಅರ್ಜಿ ಎರಡು ಸಲ ತೆರೆದಿದ್ದಾರೆ.

"ಈಗಲೇ ಲೈನ್ ಕಿತ್ತುಹಾಕಿ. ಅಸಲಿ ಸ್ಟೇಷನ್ನಲ್ಲೂ ಅವರವನೊಬ್ಬ ಕೂತಿದ್ರೆ?" ಬಾಸ್ ಗಾಬರಿ.

ಇರಬಹುದು. ಆದರೆ ಕಿತ್ತರೆ ಆಯುಧ ನೋಡದೇ ಕಳಿಸಿದ ಹಾಗೆ. ನಾಳೆ ಅದೇ ಹಿಡಿದು ಬೇರೆ ಬಾಗಿಲಿಗೆ ಬರುತ್ತಾರೆ. "ಬೇಡ ಸರ್, ಕಾಯೋಣ" ಅಂದೆ.

೧೧:೦೨

ಆಚೆಯವರು ಸ್ವಿಚ್ ಒತ್ತಿದರು. ಪರದೆಯ ಮೇಲಿನ ಸುಳ್ಳು ಊರೆಲ್ಲ ಕತ್ತಲು. ಆಯುಧ ಪೂರ್ತಿ ಸಿಕ್ಕಿತು, ರೂಮಿನಲ್ಲಿ ಕೇಕೆಯೋ ಕೇಕೆ. ನನಗೆ ಕಂಡದ್ದು ಆ ಅರ್ಜಿ. ಎರಡು ಸಲ ಓದಿದ್ದರು. ಗೊತ್ತಿದ್ದೂ ಒತ್ತಿದರು, ಪಾಪಿಗಳು.

ಅಮ್ಮನಿಗೆ ಫೋನ್.

"ಏನೇ, ಇಷ್ಟೊತ್ತಲ್ಲಿ?"

"ಕರೆಂಟ್ ಇದೆಯಾ?"

"ಇದೆ ಕಣೇ. ಯಾಕೆ, ನಿಂಗೆ ಬೇಕಿತ್ತಾ?"

ಹಿಂದೆ ಮಷೀನಿನ ಸದ್ದು. "ಫೋನ್ ಇಡಬೇಡಮ್ಮ" ಅಂದೆ. ತಾತ ಕುರ್ಚಿ ಎಳೆದು ಕೊಟ್ಟರು. ಇನ್ನೂ ಇಟ್ಟಿಲ್ಲ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ಅಳ್ತಿದ್ದೀಯೇನೇ ಅಂತ ಕೇಳುತ್ತಿದ್ದಾಳೆ, ಹೊಗೆ ಕಣಮ್ಮ ಅಂದೆ.