ಹೋಗ್ತೀನಿ, ಹೋಗ್ಬರ್ತೀನಿ

ಫೆಬ್ರವರಿ 2, ಭಾನುವಾರ

ರಿಹರ್ಸಲ್ ಹತ್ತೂವರೆಗೆ ಅಂದಿದ್ದರು. ಶುರುವಾಗಿದ್ದು ಹನ್ನೊಂದೂ ಕಾಲಿಗೆ. ಕತ್ರಿಗುಪ್ಪೆಯ ಶಾಲೆ, ಮೇಲಿನ ಹಾಲ್. ಮೂರರಲ್ಲಿ ಒಂದೇ ಫ್ಯಾನ್ ತಿರುಗುತ್ತೆ. ತಂಡದಲ್ಲಿ ಹತ್ತು ಜನ. ಐವರಿಗೆ ಬೌದ್ಧಿಕ ವೈಕಲ್ಯ ಇದೆ, ಐವರಿಗೆ ಇಲ್ಲ. ಎರಡನೇ ಪಟ್ಟಿಯಲ್ಲಿ ನಾನು.

ನಾಟಕದಲ್ಲಿ ನಾನು ಅಪ್ಪ. ಮಗಳ ಪಾರ್ಟು ತನ್ಮಯಿಗೆ. ಇಪ್ಪತ್ತೆಂಟು ವರ್ಷ, ಮೊದಲನೇ ಪಟ್ಟಿ. ಕೊನೇ ಸೀನಿನಲ್ಲಿ ಜಗಳ, ಮಗಳು ಮನೆ ಬಿಡುತ್ತಾಳೆ. ಅವಳಿಗಿರೋದು ಒಂದೇ ಮಾತು — "ಅಪ್ಪಾ, ನಾನು ಹೋಗ್ತೀನಿ." ನಾನು ಮುಖ ತಿರುಗಿಸಿಕೊಂಡೇ ಕೂತಿರಬೇಕು. ಲೈಟ್ ಆಫ್.

ತನ್ಮಯಿ "ಹೋಗ್ಬರ್ತೀನಿ" ಅಂದಳು. ಆರು ಸಲ ಮಾಡಿಸಿದರು, ಆರು ಸಲವೂ ಅದೇ.

ಹೊರಡುವಾಗ ನಾನು "ಹೋಗ್ತೀನಮ್ಮಾ" ಅಂದೆ. ಅಡ್ಡ ಬಂದಳು. ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತನ್ನ ಬಾಟಲಿ ಕೊಟ್ಟು ನೀರು ಕುಡಿಸಿದಳು. "ಈಗ ಹೇಳಿ ಅಂಕಲ್." ಹೋಗ್ಬರ್ತೀನಿ ಅಂದೆ. ಬಿಟ್ಟಳು. ನಮ್ಮಜ್ಜಿ ಕಾಲದ ಶಾಸ್ತ್ರ. ಬಸ್ ತಪ್ಪಿತು.

ಫೆಬ್ರವರಿ 9, ಭಾನುವಾರ

ಮತ್ತೆ ಅದೇ. ಡೈರೆಕ್ಟರ್ ಶುಭಾ ಕೇಳಿದಳು, "ಸಾರ್, ಅವಳು ಅನ್ನೋದನ್ನೇ ಇಟ್ಕೊಂಡ್ಬಿಡೋಣ್ವಾ?"

ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು ನಾನು. ಮಗಳು ವಾಪಸ್ ಬರುವವಳಾದರೆ ಅಪ್ಪ ಯಾಕೆ ಗೋಡೆ ನೋಡಿಕೊಂಡು ಕೂರಬೇಕು? ನಾಟಕ ಯಾವುದು, ಮನೆ ಯಾವುದು ಅಂತ ಅವಳಿಗೆ ತಿಳಿಯಲ್ಲ ಅಂದೆ.

"ಅವಳ ಜೊತೆ ಸೀನ್ ಮಾಡೋರು ನೀವು. ನೀವೇ ಹೇಳಿ."

ಹೇಳಿದೆ. ಸಿರಿಗೆ ಕೊಡಿ ಅಂತ. ಸಿರಿ ಡಿಗ್ರಿ ಓದೋ ಹುಡುಗಿ, ಎರಡನೇ ಪಟ್ಟಿ. ಚುರುಕು.

ಫೆಬ್ರವರಿ 13, ಗುರುವಾರ

ತನ್ಮಯಿ ತಾಯಿ ಅಲಮೇಲು ಫೋನ್ ಮಾಡಿದ್ದರು. "ನಾಲ್ಕ್ ತಿಂಗ್ಳಿಂದ ಕನ್ನಡಿ ಮುಂದೆ ಅಪ್ಪಾ ಅಪ್ಪಾ ಅಂತಿದ್ಲು. ಈಗ ಪಾರ್ಟೇ ಇಲ್ಲ ಅಂದ್ರೆ ನಾನೇನ್ ಹೇಳ್ಲಿ ಸಾರ್ ಅವಳಿಗೆ?"

ಪಾರ್ಟ್ ಇದೆ, ಜಗಳದ ಮಧ್ಯೆ ನೀರಿನ ಲೋಟ ತಂದಿಡಬೇಕು, ಅಂದೆ. "ಆಯ್ತು ಸಾರ್" ಅಂದು ಫೋನ್ ಇಟ್ಟರು. ನಾಚಿಕೆಯಾಯಿತು. ಆದರೂ ಮಾಡಿದ್ದು ಸರಿ ಅಂತಲೇ ಅನಿಸುತ್ತೆ.

ಫೆಬ್ರವರಿ 23, ಭಾನುವಾರ

ಹತ್ತು ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ.

ತನ್ಮಯಿ ಇವತ್ತು ಬಂದಳು. ನನ್ನ ಕಡೆ ನೋಡಲಿಲ್ಲ. ಖಾಲಿ ಲೋಟ ತಂದು ಟೀಪಾಯಿ ಮೇಲಿಟ್ಟು ಒಳಗೆ ಹೋದಳು. "ನೀರಿಲ್ಲ ಇದ್ರಲ್ಲಿ" ಅಂದಳು ಶುಭಾಗೆ. ರಿಹರ್ಸಲ್‌ಗೆ ಸಾಕಮ್ಮ, ಶೋ ದಿನ ಹಾಕೋಣ ಅಂದಳು ಶುಭಾ. ಸಿರಿ ಮಾತು ಅಕ್ಷರಕ್ಕೆ ಅಕ್ಷರ ಸರಿ.

ಹೊರಡುವಾಗ "ಹೋಗ್ತೀನಿ" ಅಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ತನ್ಮಯಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಬಸ್ ಸಿಕ್ಕಿತು.

ಮಾರ್ಚ್ 1, ಶನಿವಾರ. ರಾತ್ರಿ 9

ಮೊದಲ ಶೋ. ಜಯನಗರ. ಹಾಲ್ ಮುಕ್ಕಾಲು ತುಂಬಿತ್ತು.

ಎಲ್ಲ ಸರಿಯಾಗಿ ನಡೆದು ಕೊನೇ ಸೀನ್. ತನ್ಮಯಿ ಲೋಟ ಇಟ್ಟು ಹೋದಳು. ಇವತ್ತು ನೀರಿತ್ತು. ಸಿರಿ "ಅಪ್ಪಾ, ನಾನು ಹೋಗ್ತೀನಿ" ಅಂದಳು. ನಾನು ಗೋಡೆ ಕಡೆ. ಲೈಟ್ ಆಫ್ ಆಗಬೇಕು… ಆಗಲಿಲ್ಲ. ಹಿಂದೆ ಕುರ್ಚಿ ಎಳೆದ ಸದ್ದು.

"ಕೂತ್ಕೊ." ತನ್ಮಯಿ ದನಿ. "ನೀರು ಕುಡಿ."

ಸಿರಿ ಗುಟುಕರಿಸಿದ್ದು ಕೇಳಿಸಿತು.

"ಈಗ ಹೇಳು."

"ಅಪ್ಪಾ… ಹೋಗ್ಬರ್ತೀನಿ." ಸಿರಿ ದನಿ ಒಡೆದಿತ್ತು.

ಆಮೇಲೆ ನನ್ನ ಬೆನ್ನ ಹಿಂದೆಯೇ ತನ್ಮಯಿ — "ಅಪ್ಪಾ, ಹೂಂ ಅನ್ನು."

ಅನ್ನಲಿಲ್ಲ. ತಿರುಗಲೂ ಇಲ್ಲ. ಬರೆದಿರೋದು ಹಾಗೆ. ಲೈಟ್ ಹೋಯ್ತು. ಚಪ್ಪಾಳೆ ತುಂಬಾ ಹೊತ್ತು.

ಅವಳು ಅಂಕಲ್ ಅನ್ನಲಿಲ್ಲ. ಅನ್ನಿ ಅನ್ನಲಿಲ್ಲ. ಅಪ್ಪಾ, ಅನ್ನು — ಅಂದಳು. ನಾಟಕ ಯಾವುದು ಅಂತ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು.

ಮಾರ್ಚ್ 3, ಸೋಮವಾರ

ಅಲಮೇಲು ಅವರಿಗೆ ಫೋನ್ ಮಾಡಿದೆ. ತನ್ಮಯಿಯೇ ಎತ್ತಿದಳು. ತಪ್ಪಾಯ್ತಮ್ಮ, ಬರೋ ಶನಿವಾರದ ಶೋಗೆ ನೀನೇ ಮಗಳಾಗು ಅಂದೆ. ಹೋಗ್ಬರ್ತೀನಿ ಅಂತಲೇ ಅನ್ನು ಅಂದೆ.

"ಬೇಡ ಅಂಕಲ್. ಸಿರಿಗೆ ಅದು ಬರಲ್ಲ. ನಾನು ನೀರು ಕೊಡ್ಬೇಕು."

ಸರಿ ಅಂದೆ.

"ನಿಮಗೂ ಬರಲ್ಲ. ಹೂಂ ಅನ್ನಲಿಲ್ಲ ನೀವು."

ಮಾರ್ಚ್ 8, ಶನಿವಾರ. ಮಧ್ಯಾಹ್ನ 3.40

ಎರಡನೇ ಶೋ ಆರಕ್ಕೆ. ಶುಭಾ ನೀರಿನ ಸೀನ್ ಸ್ಕ್ರಿಪ್ಟಿಗೇ ಸೇರಿಸಿ ವಾಟ್ಸಾಪ್ ಮಾಡಿದ್ದಾಳೆ. ಎರಡು ಕಾಗುಣಿತ ತಪ್ಪಿತ್ತು, ತಿದ್ದಿ ಕಳಿಸಿದೆ. ಕೊನೆಯಲ್ಲಿ 'ಅಪ್ಪ:' ಅಂತ ಬರೆದು ಜಾಗ ಖಾಲಿ ಬಿಟ್ಟಿದ್ದಾಳೆ. ಯಾಕೆ ಅಂತ ಕೇಳಿದರೆ, "ಅದು ನಿಮ್ದು ಸಾರ್."

ಬೆಳಗ್ಗೆಯಿಂದ ನಾಲ್ಕು ಮಾತು ಬರೆದು ಹೊಡೆದುಹಾಕಿದೆ. ಕನ್ನಡಿ ಮುಂದೆ ನಿಂತು ಬರೀ ಹೂಂ ಅಂದು ನೋಡಿದೆ. ಕೆಮ್ಮಿದ ಹಾಗೆ ಕೇಳಿಸಿತು. ಎಷ್ಟು ಸಣ್ಣ ಮಾತು.

ಆಟೋ ಬಂತು, ಹಾರ್ನ್ ಹೊಡೀತಿದಾನೆ. ಇವತ್ತು ತಿರುಗೋದಂತೂ ಖಂಡಿತ. ತಿರುಗಿ… ಮತ್ತೆ ಹಾರ್ನ್. ಹೋಗ್ಬರ್ತೀನಿ.